ಮೋರ್ಯರ ಮನೆ ಬಾಗಿಲಲ್ಲಿ ಕರಡಿ

ನನ್ನ ಲ್ಯಾಪ್‌ಟಾಪಿನಲ್ಲಿ ಫೋಟೋಗಳಿಗೆ ಎರಡು ಫೋಲ್ಡರ್ ಇವೆ. ಒಂದು ‘ಪ್ರಾಣಿ-ಪಕ್ಷಿ’, ಇನ್ನೊಂದು ‘ಹಳೇ ಕಲ್ಲು’. ದರೋಜಿಗೆ ಹೋಗಿ ಬಂದರೆ ಕರಡಿ ಮೊದಲನೆಯದಕ್ಕೆ, ಮಾರನೇ ದಿನ ಹಂಪಿ ಸುತ್ತಿದರೆ ಕಲ್ಲಿನ ರಥ ಎರಡನೆಯದಕ್ಕೆ. ಎಷ್ಟೋ ವರ್ಷಗಳಿಂದ ಹೀಗೇ ನಡೆದುಬಂದಿತ್ತು. ಗಂಗಾವತಿ ಹತ್ತಿರದ ಹಿರೇಬೆಣಕಲ್ಲಿನ ಹಳೇ ಶಿಲಾಸಮಾಧಿಗಳನ್ನು ನೋಡಿ ಬಂದ ಮೇಲೆ ಒಂದು ಫೋಟೋ ಮಾತ್ರ ಎಲ್ಲಿಗೂ ಸೇರದೆ ಡೆಸ್ಕ್‌ಟಾಪಿನ ಮೇಲೇ ಬಿದ್ದಿದೆ. ಅದರಲ್ಲಿ ಇರುವುದು ಇಷ್ಟೇ: ನೆಟ್ಟಗೆ ನಿಲ್ಲಿಸಿದ ಗ್ರಾನೈಟ್ ಚಪ್ಪಡಿಗಳು, ಅವುಗಳ ಮೇಲೊಂದು ಅಗಲವಾದ ಮುಚ್ಚಳದ ಬಂಡೆ, ಮುಂದಿನ ಚಪ್ಪಡಿಯಲ್ಲಿ ದುಂಡಗೆ ಕೊರೆದ ಕಿಂಡಿ. ಕಿಂಡಿಯ ಕೆಳಗೆ, ಹೊಸ್ತಿಲು ಇರಬೇಕಾದ ಜಾಗದಲ್ಲಿ, ಸೀತಾಫಲದ ಕರಿ ಬೀಜ ತುಂಬಿಕೊಂಡ ಕರಡಿಯ ಹಿಕ್ಕೆ. ಇನ್ನೂ ಪೂರ್ತಿ ಒಣಗಿರಲಿಲ್ಲ.

ಬರೀ ಫೋಟೋ ಜೋಡಿಸುವ ತಾಪತ್ರಯವಾಗಿದ್ದರೆ ಇಷ್ಟು ತಲೆಕೆಡಿಸಿಕೊಳ್ಳುತ್ತಿರಲಿಲ್ಲ. ತುಂಗಭದ್ರೆಯ ಎರಡೂ ದಂಡೆಯ ಗುಡ್ಡಗಳನ್ನು ನಾವೆಲ್ಲ ನೋಡುವುದೇ ಹೀಗೆ ಎರಡು ಪಾಲು ಮಾಡಿ. ಹೊಸಪೇಟೆಯ ಯಾವುದೇ ಲಾಡ್ಜಿನ ಮುಂದೆ ಬೆಳಿಗ್ಗೆ ನಿಂತರೆ ಗೊತ್ತಾಗುತ್ತದೆ. ಕುತ್ತಿಗೆಗೆ ದುರ್ಬೀನು ನೇತುಹಾಕಿಕೊಂಡವರ ಗಾಡಿ ಒಂದು ಕಡೆ ಹೊರಡುತ್ತದೆ, ಟೋಪಿ ಹಾಕಿಕೊಂಡು ಗೈಡಿಗೆ ಕಾಯುವವರ ಗಾಡಿ ಇನ್ನೊಂದು ಕಡೆ. ಹಳದಿ ಕೊರಳಿನ ಪಿಕಳಾರ ನೋಡಲು ಬಂದವರು ಅದು ಕೂತ ಕಲ್ಲನ್ನು ಯಾರು ಕಡಿದರು ಅಂತ ಕೇಳುವುದಿಲ್ಲ. ಕಲ್ಲು ನೋಡಲು ಬಂದವರು ತಲೆಯ ಮೇಲೆ ಕೂಗಿದ ಹಕ್ಕಿ ಯಾವುದು ಅಂತ ಕತ್ತೆತ್ತುವುದಿಲ್ಲ. ಸರ್ಕಾರವೂ ಅಷ್ಟೇ. ಕರಡಿಗೆ 1972ರ ವನ್ಯಜೀವಿ ಕಾಯ್ದೆ, ಕಲ್ಲಿಗೆ 1958ರ ಸ್ಮಾರಕಗಳ ಕಾಯ್ದೆ. ಕರಡಿಯ ಲೆಕ್ಕ ಅರಣ್ಯ ಇಲಾಖೆಗೆ, ಕಲ್ಲಿನ ಲೆಕ್ಕ ಪುರಾತತ್ವ ಇಲಾಖೆಗೆ. ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ, ಅದರಾಚೆ ಇನ್ನೂ 200 ಮೀಟರ್ ನಿರ್ಬಂಧಿತ ಅಂತ ಬೋರ್ಡು. ಆ ಮೀಟರುಗಳನ್ನು ಕಲ್ಲಿನಿಂದ ಅಳೆಯುತ್ತಾರೆ. ರಾತ್ರಿ ಆ ಕಲ್ಲುಗಳ ನಡುವೆ ಓಡಾಡುವ ಜೀವ ಆ ಲೆಕ್ಕಕ್ಕೆ ಬರುವುದಿಲ್ಲ.

ಮಾತಾಡ್ಕೋತ ನಡೀರಿ

ಹಿರೇಬೆಣಕಲ್ಲಿಗೆ ಹೋಗುವ ದಾರಿಯನ್ನು ಇಲ್ಲಿ ವಿವರಿಸುವುದಿಲ್ಲ. ಗಂಗಾವತಿಯಿಂದ ಪಶ್ಚಿಮಕ್ಕೆ ಹತ್ತು ಕಿಲೋಮೀಟರಿನಷ್ಟು, ಮೊಬೈಲ್ ತೋರಿಸುತ್ತದೆ. ಊರು ಮುಟ್ಟಿದ ಮೇಲೆ ಮೊಬೈಲ್ ಜೇಬಿಗೆ ಹಾಕಿ ಊರಿನವರೊಬ್ಬರನ್ನು ಜೊತೆಗೆ ಕರೆದುಕೊಳ್ಳುವುದು ಒಳ್ಳೆಯದು. ನನ್ನ ಮೈದುನ ಗಂಗಾವತಿಯಲ್ಲೇ ಇರುವವನು. ಅವನಿಗೆ ಪರಿಚಯದ ಕುರಿಗಾಹಿಯೊಬ್ಬರು ಬರುತ್ತೇನೆಂದು ಒಪ್ಪಿದ್ದರು. ಅರವತ್ತು ದಾಟಿದ ಮನುಷ್ಯ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಅವರಿಗಿಂತ ಎತ್ತರದ ಕೋಲು. ನಾನು ಅವರನ್ನು ಕಾಕಾ ಅಂದೆ, ಅವರು ನನ್ನನ್ನು ತಂಗೆವ್ವಾ ಅಂದರು.

ನವೆಂಬರಿನ ಬೆಳಿಗ್ಗೆ. ಕಾಲುವೆ ನೀರಿನ ಭತ್ತ ಕೊಯ್ಲಿಗೆ ಬಂದಿತ್ತು, ಗದ್ದೆಯ ಬದಿಯಲ್ಲಿ ಕೊಯ್ಯುವ ಯಂತ್ರ ನಿಂತಿತ್ತು. ಗದ್ದೆ ಮುಗಿದ ಮಾರಿನಲ್ಲೇ ಗುಡ್ಡ ಶುರು. ನಡುವೆ ಇನ್ನೊಂದು ಬಗೆಯ ನೆಲವೇ ಇಲ್ಲ. ಒಂದು ಹೆಜ್ಜೆ ತುಂಗಭದ್ರಾ ಎಡದಂಡೆಯ ಹಸಿರಿನಲ್ಲಿ, ಮುಂದಿನ ಹೆಜ್ಜೆ ಕಳ್ಳಿ, ತಂಗಡಿ, ಕವಳೆ ಮುಳ್ಳಿನ ಒಣನೆಲದಲ್ಲಿ. ಕಾಡಿನಲ್ಲಿ ನಡೆಯುವ ಅಭ್ಯಾಸವಿರುವವಳು ನಾನು, ಬಾಯಿ ಮುಚ್ಚಿಕೊಂಡು ಹೆಜ್ಜೆ ಸಪ್ಪಳವಾಗದ ಹಾಗೆ ನಡೆಯುತ್ತಿದ್ದೆ. ಕಾಕಾ ನಿಂತು ಹಿಂದಿರುಗಿ ನೋಡಿದರು. “ಯಾಕವಾ, ಕಳ್ಳರ ಗತೆ ಬರಾಕತ್ತೀರಿ? ಮಾತಾಡ್ಕೋತ ನಡೀರಿ. ನಾವು ಬರೂದು ಅದಕ್ಕ ಗೊತ್ತಾಗಬೇಕ. ಗೊತ್ತಾದ್ರ ತಾನ ಸರೀತೈತಿ.”

ಪ್ರತಿ ತಿರುವಿನಲ್ಲೂ ಅವರು ಒಮ್ಮೆ ಕೆಮ್ಮುತ್ತಿದ್ದರು, ಕೋಲನ್ನು ಬಂಡೆಗೆ ಕುಟ್ಟುತ್ತಿದ್ದರು. ಕರಡಿ ಹುಡುಕಿಕೊಂಡು ಬಂದು ಮೇಲೆ ಬೀಳುವ ಪ್ರಾಣಿಯಲ್ಲ. ಕಣ್ಣು, ಕಿವಿ ಎರಡೂ ಮೂಗಿನಷ್ಟು ಚುರುಕಿಲ್ಲ. ಹುತ್ತದೊಳಗೆ ಮೂತಿ ಇಟ್ಟು ಗೆದ್ದಲು ಹೀರುತ್ತಿದ್ದರಂತೂ ಲೋಕದ ಪರಿವೆಯೇ ಇರುವುದಿಲ್ಲ. ಅದರ ಮೇಲ್ದವಡೆಯಲ್ಲಿ ನಡುವಿನ ಎರಡು ಹಲ್ಲು ಇರುವುದಿಲ್ಲ, ಆ ಸಂದಿಯಿಂದಲೇ ಗೆದ್ದಲನ್ನು ಎಳೆದುಕೊಳ್ಳುತ್ತದೆ. ಆ ಸದ್ದು ದೂರಕ್ಕೆ ಕೇಳುತ್ತದೆ ಅನ್ನುತ್ತಾರೆ, ಅದಕ್ಕೆ ಮಾತ್ರ ನಮ್ಮ ಸದ್ದು ಕೇಳುವುದಿಲ್ಲ. ಹಾಗೆ ಮೈಮರೆತಿರುವಾಗ ಹತ್ತು ಮಾರಿನಲ್ಲಿ ಮನುಷ್ಯ ಪ್ರತ್ಯಕ್ಷನಾದರೆ ಗಾಬರಿಗೇ ಎರಗುತ್ತದೆ. ಅದಕ್ಕೇ ಈ ಕೆಮ್ಮು. ದರೋಜಿಯಲ್ಲಿ ಇದಕ್ಕೆ ತದ್ವಿರುದ್ಧ. 1994ರಲ್ಲಿ ಕರಡಿಗಳಿಗೆಂದೇ ಮಾಡಿದ 82.72 ಚದರ ಕಿಲೋಮೀಟರಿನ ಧಾಮ ಅದು. ಅಲ್ಲಿ ಮಧ್ಯಾಹ್ನ ಬಂಡೆಗಳಿಗೆ ಬೆಲ್ಲ ಬೆರೆಸಿದ ಸಿಹಿ ಬಳಿದು ಹೋಗುತ್ತಾರೆ, ಸಂಜೆ ವೀಕ್ಷಣಾ ಗೋಪುರದಿಂದ ನಾವು ಉಸಿರು ಬಿಗಿಹಿಡಿದು ನೋಡುತ್ತೇವೆ. ಮರಿಗಳನ್ನು ಬೆನ್ನ ಮೇಲೆ ಹೊತ್ತ ತಾಯಿ ಬಂದು ಬಂಡೆ ನೆಕ್ಕುತ್ತದೆ. ಚೆನ್ನಾಗಿಯೇ ಇರುತ್ತದೆ, ನಾನೂ ಚಪ್ಪಾಳೆ ತಟ್ಟುವುದೊಂದು ಬಾಕಿ ಅನ್ನುವಷ್ಟು ಖುಷಿಪಟ್ಟಿದ್ದೇನೆ. ಆದರೆ ಅಲ್ಲಿ ಕರಡಿ ವೇದಿಕೆಯ ಮೇಲೆ, ನಾವು ಗ್ಯಾಲರಿಯಲ್ಲಿ. ಹಿರೇಬೆಣಕಲ್ಲಿನಲ್ಲಿ ಇಬ್ಬರೂ ನಡೆಯುವುದು ಒಂದೇ ಕಾಲುದಾರಿಯಲ್ಲಿ, ಅದೂ ಬೇರೆ ಬೇರೆ ಹೊತ್ತಿನಲ್ಲಿ. ಇಡೀ ದಿನ ನನಗೆ ಒಂದು ಕರಡಿಯೂ ಕಾಣಲಿಲ್ಲ. ಹಾಗಿದ್ದೂ ಬೇರೆ ಯಾವ ಜಾಗದಲ್ಲೂ ಅದು ನನಗೆ ಇಷ್ಟು ಹತ್ತಿರವಿದೆ ಅನ್ನಿಸಿರಲಿಲ್ಲ.

ಹೆಜ್ಜೆ

ಮೇಲೆ ಹತ್ತಿದಂತೆ ಮೊದಲು ಸಿಗುವುದು ಸಣ್ಣಪುಟ್ಟ ಕಲ್ಲುಮನೆಗಳು. ಮಂಡಿಯೆತ್ತರದವು, ಅರ್ಧ ಕುಸಿದವು. ಹತ್ತಿರ ಹೋಗಿ ಬಗ್ಗಿ ನೋಡುವಷ್ಟರಲ್ಲಿ ಮುಂದೆ ಇನ್ನೂ ದೊಡ್ಡವು, ಅವುಗಳ ಹಿಂದೆ ಇನ್ನೂ ದೊಡ್ಡವು. ಒಂದು ಏರು ಮುಗಿದು ಬಯಲು ತೆರೆದುಕೊಂಡಾಗ ಎದುರಿಗೆ ಒಂದು ಇಡೀ ಊರೇ ನಿಂತಿರುತ್ತದೆ. ಸುಮಾರು 400 ಶಿಲಾಸಮಾಧಿಗಳು ಇಲ್ಲಿವೆ ಎನ್ನುತ್ತಾರೆ, ಕಾಲ ಕ್ರಿ.ಪೂ. 800ರಿಂದ 200ರ ನಡುವಿನದು. ದೊಡ್ಡವುಗಳ ಚಪ್ಪಡಿ ಎರಡು-ಮೂರು ಮೀಟರ್ ಎತ್ತರ, ತೂಕ ಟನ್‌ಗಳಲ್ಲಿ. ಸಮಾಧಿ ಎಂಬ ಮಾತು ನಮ್ಮದು. ಊರಿನವರಿಗೆ ಇವು ಮನೆಗಳು, ಮೋರ್ಯರ ಮನೆಗಳು. ಕಾಕಾ ಹೇಳಿದ ಕತೆ ಈ ಸೀಮೆಯ ಎಷ್ಟೋ ಊರುಗಳಲ್ಲಿ ಕೇಳಸಿಗುವಂಥದ್ದೇ. ಮೋರ್ಯರು ಮೂರಡಿ ಎತ್ತರದ ಜನ, ಬಲ ಮಾತ್ರ ಆನೆಯದು. ಬೆಂಕಿಯ ಮಳೆ ಬರುತ್ತದೆಂದು ಮೊದಲೇ ತಿಳಿದು ಕಲ್ಲಿನ ಮನೆ ಕಟ್ಟಿಕೊಂಡರು. ಮಳೆ ಬಂತು, ಕಲ್ಲೂ ಕಾದು ಒಳಗಿದ್ದವರೆಲ್ಲ ಸತ್ತರು.

ಮನೆ ಎಂದು ಕರೆದರೆ ಕಣ್ಣು ಬೇರೆ ಥರ ನೋಡುತ್ತದೆ. ಕಿಂಡಿ ಬಾಗಿಲಾಗುತ್ತದೆ, ಯಾರಾದರೂ ಇದ್ದಾರಾ ಎಂದು ಇಣುಕುತ್ತೇವೆ. ಇದ್ದರು ಕೂಡ. ಒಂದರಲ್ಲಿ ಮುಳ್ಳುಹಂದಿಯ ಮುಳ್ಳುಗಳು ಬಿದ್ದಿದ್ದವು. ಇನ್ನೊಂದರ ಮೂಲೆಯಲ್ಲಿ ಬಾವಲಿಗಳ ಘಾಟು. ಒಂದು ಮುಚ್ಚಳದ ಬಂಡೆಯ ಮೇಲೆ ಓತಿಕ್ಯಾತವೊಂದು ಬಿಸಿಲು ಕಾಯಿಸುತ್ತ ತಲೆಯಾಡಿಸುತ್ತಿತ್ತು, ನಾವು ಅಷ್ಟು ಹತ್ತಿರ ಬಂದರೂ ಇಳಿಯಲಿಲ್ಲ. ಎಷ್ಟೋ ಮನೆಗಳಲ್ಲಿ ನೆಲ ಅಗೆದ ಗುಂಡಿಯಿತ್ತು, ಕಿಂಡಿಯ ಚಪ್ಪಡಿ ಒಡೆದಿತ್ತು. ಅದು ಯಾವ ಪ್ರಾಣಿಯ ಕೆಲಸವೂ ಅಲ್ಲ. ಗಡಿಗೆ ತುಂಬ ಬಂಗಾರ ಸಿಗುತ್ತದೆಂದು ನಂಬಿದ ನಿಧಿಗಳ್ಳರದ್ದು. ಈ ಕಾಲದ ಜನ ಸತ್ತವರ ಜೊತೆ ಇಡುತ್ತಿದ್ದುದು ಕಪ್ಪು-ಕೆಂಪು ಮಡಕೆ, ಕಬ್ಬಿಣದ ಆಯುಧ, ಮಣಿ. ಎಷ್ಟೋ ಕಡೆ ಮೂಳೆಯೂ ಇರುವುದಿಲ್ಲ. ಎರಡೂವರೆ ಸಾವಿರ ವರ್ಷ ನಿಂತದ್ದನ್ನು ಒಂದು ಅಮಾವಾಸ್ಯೆಯ ರಾತ್ರಿ ಹಾರೆ ಹಾಕಿ ಮೀಟಿದವರಿಗೆ ಏನೂ ಸಿಕ್ಕಿರಲಾರದು. ಅವರ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯುವ ಮನಸ್ಸಿಲ್ಲ.

ಹಿಕ್ಕೆ ಸಿಕ್ಕಿದ್ದು ಅಲ್ಲೇ. ಕಾಕಾ ಕೋಲಿನ ತುದಿಯಿಂದ ಕೆದಕಿದರು. ಸೀತಾಫಲದ ಬೀಜ, ನಾಲ್ಕಾರು ಬೋರೆ ಓಟೆ, ಗೆದ್ದಲಿನ ತಲೆಗಳು. “ಮೊನ್ನಿದಲ್ಲ, ನಿನ್ನಿದು.” ಮೈದುನ ತಮಾಷೆಗೆ, “ಮೋರ್ಯರು ಇನ್ನೂ ಇದಾರೆ ಹಾಗಾದ್ರೆ” ಅಂದ. ಕಾಕಾ ನಗಲಿಲ್ಲ. ನಮ್ಮನ್ನು ಆ ಮನೆಯ ಹಿಂಬದಿಗೆ ಕರೆದುಕೊಂಡು ಹೋದರು. ಅಲ್ಲಿ ಮಳೆನೀರು ನಿಂತು ಇಂಗಿದ ಹದವಾದ ಮಣ್ಣಿತ್ತು, ಅದರಲ್ಲಿ ಒಂದೇ ಒಂದು ಹೆಜ್ಜೆ ಸ್ಪಷ್ಟವಾಗಿ ಮೂಡಿತ್ತು. ಐದು ಬೆರಳು, ಅಗಲವಾದ ಅಂಗಾಲು, ಹಿಮ್ಮಡಿ. ಬರಿಗಾಲಿನ ಹುಡುಗ ಯಾರೋ ಈಗಷ್ಟೇ ನಡೆದುಹೋಗಿದ್ದಾನೆ ಅಂದರೆ ನಂಬಬೇಕು, ಬೆರಳುಗಳ ಮುಂದೆ ಉಗುರು ಇಳಿದ ಚುಕ್ಕಿಗಳನ್ನು ನೋಡುವ ತನಕ. ಕರಡಿಯ ಹಿಂಗಾಲು ಹಾಗೇ, ಪೂರ್ತಿ ಪಾದ ಊರಿ ನಡೆಯುತ್ತದೆ. “ನಮ್ಮಜ್ಜ ಇದನ್ನ ಮೋರ್ಯಾರ ಹೆಜ್ಜಿ ಅಂತಿದ್ದ” ಎಂದರು ಕಾಕಾ. “ಸಣ್ಣಾಂವ ಇದ್ದಾಗ ಖರೇ ಅಂತ ತಿಳ್ಕೊಂಡಿದ್ದೆ. ಕುರಿ ಬಿಟ್ಟ ಓಡಿ ಹೋಗಿದ್ದೆ.”

ಮೂರಡಿ ಎತ್ತರ, ಮನುಷ್ಯರಂಥದ್ದೇ ಸಣ್ಣ ಪಾದ, ಕಲ್ಲು ಮಗುಚುವ ಬಲ, ಮನುಷ್ಯರಿಗೆ ಮುಖ ತೋರಿಸದ ಸ್ವಭಾವ. ಮೋರ್ಯರ ಕತೆ ಕರಡಿಯಿಂದ ಹುಟ್ಟಿತು ಎಂದು ನಾನು ವಾದಿಸುತ್ತಿಲ್ಲ. ಕಲ್ಲಿನ ಕಿಂಡಿ ಅಷ್ಟು ಸಣ್ಣದಿದೆ, ಅದರಲ್ಲಿ ನುಸುಳುವವರು ಕುಳ್ಳರೇ ಇರಬೇಕು ಅಂದುಕೊಂಡರೂ ಕತೆ ಹುಟ್ಟುತ್ತದೆ. ಆದರೆ ಆ ಅಜ್ಜ ಎರಡನ್ನೂ ಸೇರಿಸಿಯೇ ನೋಡುತ್ತಿದ್ದ ಅನ್ನುವುದು ನನ್ನ ತಲೆಯಲ್ಲಿ ಕೂತುಬಿಟ್ಟಿತು. ನನ್ನ ಎರಡು ಫೋಲ್ಡರಿಗೆ ಸಿಗದ ಹೆಸರು ಅವನ ಬಳಿ ಇತ್ತು.

ನದಿಯ ಆಚೆ ದಂಡೆಯಲ್ಲಿ ಇಂಥದ್ದೇ ಇನ್ನೊಂದು ಸಂಗತಿ ಇದೆ. ಹಂಪಿಯ ಹತ್ತಿರದ ನಿಂಬಾಪುರದಲ್ಲಿ ಒಂದು ಬೂದಿದಿಬ್ಬವನ್ನು ವಾಲಿಯನ್ನು ಸುಟ್ಟ ಜಾಗ ಎನ್ನುತ್ತಾರೆ. ಬಳ್ಳಾರಿ ರಸ್ತೆಯ ಕುಡತಿನಿಯಲ್ಲೂ ದೊಡ್ಡ ಬೂದಿದಿಬ್ಬವಿದೆ. ಇವು ಯಾರ ಚಿತೆ, ಯಾವ ಜ್ವಾಲಾಮುಖಿ, ಯಾವ ಕುಲುಮೆ ಎಂದು ವಿದ್ವಾಂಸರು ನೂರು ವರ್ಷ ಚರ್ಚೆ ಮಾಡಿದರು. ದನದ ದೊಡ್ಡಿಯ ಸಗಣಿ ಸುಟ್ಟದ್ದು ಎಂದು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 19ನೇ ಶತಮಾನದಲ್ಲೇ ಹೇಳಿದ್ದರೂ ವಾದ ನಿಂತಿರಲಿಲ್ಲ. 1957ರಲ್ಲಿ ಪುರಾತತ್ವಜ್ಞ ರೇಮಂಡ್ ಆಲ್ಚಿನ್ ಈಗಿನ ತೆಲಂಗಾಣದಲ್ಲಿರುವ ಉಟ್ನೂರಿನ ದಿಬ್ಬ ಅಗೆದಾಗ ಸುತ್ತ ಬೇಲಿಗೂಟದ ಗುಳಿ ಸಿಕ್ಕವು, ಬೂದಿಯ ಪದರದಲ್ಲಿ ದನಗಳ ಗೊರಸಿನ ಗುರುತು ಸಿಕ್ಕವು. ನಾಲ್ಕು ಸಾವಿರ ವರ್ಷದ ಹಿಂದಿನ ದನ ತುಳಿದ ಹೆಜ್ಜೆ. ದೊಡ್ಡಿಯ ವಾದಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ಇನ್ನೊಂದು ಬರಲಿಲ್ಲ. ಕಲ್ಲುಕೊಡಲಿ, ಮಡಕೆಚೂರುಗಳನ್ನು ಪೆಟ್ಟಿಗೆಯಲ್ಲಿಟ್ಟು ನಂಬರು ಹಚ್ಚುವ ಶಾಸ್ತ್ರ ಕಡೆಗೆ ಕೇಳಿದ್ದು ಒಂದು ಪ್ರಾಣಿಯ ಪಾದವನ್ನು. ಕಾಕಾ ಕೈಗೆ ಒಂದು ಬ್ರಶ್ಶು ಕೊಟ್ಟು ಆ ಗುಂಡಿಯಲ್ಲಿ ಇಳಿಸಿದ್ದರೆ ಬೇಗನೇ ಇತ್ಯರ್ಥವಾಗುತ್ತಿತ್ತೇನೋ.

ಕಲ್ಲು ಕಿತ್ತಲ್ಲಿ ನೀರು

ಮನೆಗಳ ನಡುವೆ ಒಂದು ಕೆರೆ ಇದೆ. ಗುಡ್ಡದ ನೆತ್ತಿಯ ಮೇಲೆ ಕೆರೆಯೇ ಎಂದು ಮೊದಲ ಸಲ ನೋಡುವವರಿಗೆ ಆಶ್ಚರ್ಯವಾಗುತ್ತದೆ. ನವೆಂಬರಿನಲ್ಲಿ ಅದು ತುಂಬಿಕೊಂಡಿತ್ತು, ಬಂಡೆಯ ಅಂಚಿನ ತನಕ ನೀರು, ಒಂದು ಬದಿಗೆ ಜೊಂಡು. ನಾವು ಅಲ್ಲೇ ಕೂತು ಬುತ್ತಿ ಬಿಚ್ಚಿದೆವು. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಮೈದುನ ಕಟ್ಟಿಸಿಕೊಂಡು ಬಂದಿದ್ದ ಮಿರ್ಚಿ ತಣ್ಣಗಾಗಿ ಮೆತ್ತಗಾಗಿತ್ತು. ಕಾಕಾ ತಮ್ಮ ರೊಟ್ಟಿಯ ಮೊದಲ ತುಣುಕನ್ನು ಮುರಿದು ಪಕ್ಕದ ಕಲ್ಲಿನ ಮೇಲಿಟ್ಟರು. ಯಾರಿಗೆ ಅಂತ ನಾನು ಕೇಳಲಿಲ್ಲ. ನಾವು ತಿಂದು ಮುಗಿಸುವಷ್ಟರಲ್ಲಿ ಇರುವೆ ಮುತ್ತಿತ್ತು.

ಕೂತ ಬಂಡೆಯ ಅಂಚು ಯಾಕೋ ಕೈಗೆ ವಿಚಿತ್ರವಾಗಿ ತಾಕಿತು. ಗ್ರಾನೈಟ್ ಬಿಸಿಲು-ಮಳೆಗೆ ಪದರ ಪದರವಾಗಿ ಬಿಟ್ಟುಕೊಳ್ಳುತ್ತದೆ, ಅದರ ಅಂಚು ನಯವಾಗಿ ಉರುಟಾಗಿರುತ್ತದೆ. ಇದು ಹಾಗಿರಲಿಲ್ಲ. ಚಿಪ್ಪು ಚಿಪ್ಪಾಗಿ ಎಗರಿತ್ತು, ಏಟು ಬಿದ್ದ ಸಾಲಿತ್ತು. ಕಲ್ಲುಮನೆಗಳ ಚಪ್ಪಡಿಯ ಅಂಚಿನಲ್ಲೂ ಬೆಳಿಗ್ಗೆಯಿಂದ ನೋಡಿದ್ದು ಇದನ್ನೇ. ಆಗ ಹೊಳೆಯಿತು, ನಾವು ಕೂತಿರುವುದು ಗಣಿಯ ದಡದಲ್ಲಿ. ಇಲ್ಲಿಂದ ಚಪ್ಪಡಿ ಎಬ್ಬಿಸಿ, ಅಕ್ಕಪಕ್ಕದಲ್ಲೇ ನಿಲ್ಲಿಸಿದ್ದಾರೆ. ಕಲ್ಲು ಕಿತ್ತ ತಗ್ಗಿನಲ್ಲಿ ನೀರು ನಿಂತಿದೆ. ಓದಿ ತಿಳಿದ ವಿಷಯವೇ ಇದು, ಈ ಕೆರೆ ಆಗಿನವರ ಕಲ್ಲುಗಣಿ ಎಂದು ಪುರಾತತ್ವದವರು ಗುರುತಿಸಿದ್ದಾರೆ. ಆದರೆ ಓದಿದ್ದು ತಲೆಯಲ್ಲಿತ್ತು, ಅಂಗೈಗೆ ಇಳಿದದ್ದು ಆವಾಗಲೇ.

ಈಗ ಆ ನೀರಿನ ಅಂಚನ್ನು ನೋಡಿ. ಕೆಸರಿನ ತುಂಬ ಹೆಜ್ಜೆಗಳು. ಕುರಿ-ಮೇಕೆಯದ್ದು ಎಷ್ಟಿದ್ದವೋ ಲೆಕ್ಕವಿಲ್ಲ. ನವಿಲಿನ ಮೂರು ಬೆರಳು. ಉಡ ಬಾಲ ಎಳೆದುಕೊಂಡು ಹೋದ ಗೆರೆ. ಮುಸ್ಯಾಗಳ ಉದ್ದ ಬೆರಳಿನ ಅಂಗೈ. ಒಂದು ಕಡೆ ಕಾಕಾ ಕೋಲಿನಿಂದ ಸುತ್ತು ಹಾಕಿ ತೋರಿಸಿದರು, ಉಗುರಿನ ಗುರುತಿಲ್ಲದ ದುಂಡನೆಯ ಹೆಜ್ಜೆ, ಚಿರತೆಯದು. ಅದರ ಮೇಲೆ ಅಡ್ಡಡ್ಡ ಕರಡಿಯದು. ಸುತ್ತಲಿನ ಹಳ್ಳಗಳು ಬೇಸಿಗೆಯಲ್ಲಿ ಒಣಗುತ್ತವೆ, ಕೆಳಗಿನ ಕಾಲುವೆಗೆ ಹೋಗಬೇಕೆಂದರೆ ಗದ್ದೆ, ನಾಯಿ, ಟ್ರ್ಯಾಕ್ಟರ್ ದಾಟಬೇಕು. ಮೇಲೆ ನೀರು ಇರುವ ತನಕ ಅವು ಮೇಲೇ ಇರುತ್ತವೆ. ಅಂದರೆ ಈ ಗುಡ್ಡದ ಕಾಡುಪ್ರಾಣಿಗಳಿಗೆ ನೀರಿನ ವ್ಯವಸ್ಥೆ ಮಾಡಿಕೊಟ್ಟದ್ದು ಕಬ್ಬಿಣಯುಗದ ಕಲ್ಲುಕುಟಿಗರು. ಅವರಿಗೆ ಬೇಕಿದ್ದುದು ಚಪ್ಪಡಿ. ತಗ್ಗಿನಲ್ಲಿ ನೀರು ನಿಂತದ್ದನ್ನು ಅವರೂ ಬಳಸಿಕೊಂಡಿರಬೇಕು, ದನಕ್ಕೂ ಕುಡಿಸಿರಬೇಕು.

ಇಲ್ಲಿಗೆ ಬಂದಾಗ ನನಗೆ ಬಲವಾಗಿ ಅನ್ನಿಸಿದ್ದು ಇದು. ನಾವು ಮನಸ್ಸಿನಲ್ಲಿ ಮೊದಲು ಒಂದು ಕಾಡು ಇಟ್ಟುಕೊಳ್ಳುತ್ತೇವೆ, ಯಾರೂ ಮುಟ್ಟದ ಕಾಡು. ಆಮೇಲೆ ಮನುಷ್ಯ ಬಂದ, ಕಟ್ಟಿದ, ಹೋದ. ಆಮೇಲೆ ಕಾಡು ಮರಳಿ ಬಂದು ಎಲ್ಲವನ್ನೂ ನುಂಗಿತು. ಅವಶೇಷಗಳ ಬಗ್ಗೆ ಬರೆಯುವವರಿಗೆಲ್ಲ ಇದು ಬಹಳ ಪ್ರೀತಿಯ ಚಿತ್ರ, ನಾನೂ ಬರೆದಿದ್ದೇನೆ. ಹಿರೇಬೆಣಕಲ್ಲಿನಲ್ಲಿ ಈ ಕ್ರಮ ಹೊಂದುವುದೇ ಇಲ್ಲ. ಇಲ್ಲಿ ಮನುಷ್ಯ ಹೋಗಿಯೇ ಇಲ್ಲ. ಬಂಡೆಯ ಆಸರೆಗಳಲ್ಲಿ ಕೆಂಪು ಕಾವಿಯ ಚಿತ್ರಗಳಿವೆ, ಕುಣಿಯುವವರು, ಬೇಟೆಯಾಡುವವರು, ಪ್ರಾಣಿಗಳು. ಕರಡಿ ಮರಿ ಹಾಕಲು ಹುಡುಕುವುದೂ ಅಂಥದ್ದೇ ಕಲ್ಲಿನ ಪೊಟರೆ, ಡಿಸೆಂಬರ್-ಜನವರಿಯಲ್ಲಿ. ಚಿತ್ರ ಬರೆದವನೂ ಒಳಗೆ ಹೋಗುವ ಮುಂಚೆ ಒಮ್ಮೆ ಕೆಮ್ಮಿರಬೇಕು. ಆಮೇಲೆ ಸಾವಿರಾರು ವರ್ಷ ಕುರಿ ಮೇದಿವೆ, ಸೌದೆ ಕಡಿದಿದ್ದಾರೆ, ಹುಲ್ಲಿಗೆ ಬೆಂಕಿ ಇಟ್ಟಿದ್ದಾರೆ. ಆ ಹಿಕ್ಕೆಯಲ್ಲಿದ್ದ ಸೀತಾಫಲವೂ ಇಲ್ಲಿಯದಲ್ಲ, ಪೋರ್ಚುಗೀಸರ ಕಾಲದಲ್ಲಿ ಅಮೆರಿಕ ಖಂಡದಿಂದ ಹಡಗಿನಲ್ಲಿ ಬಂದದ್ದು. ಕಲ್ಲುಮನೆ ಕಟ್ಟಿದವರು ಆ ಹಣ್ಣನ್ನು ಕಂಡಿರಲಿಲ್ಲ. ಈಗ ಕರಡಿಯೇ ಅದರ ಬೀಜವನ್ನು ಅವರ ಬಾಗಿಲಲ್ಲಿ ಬಿತ್ತಿ ಹೋಗುತ್ತಿದೆ.

ಪಾಳಿ

ಊಟವಾದ ಮೇಲೆ ಕಲ್ಲಿನ ನಗಾರಿ ನೋಡಲು ಹೋದೆವು. ಎತ್ತರದ ಬಂಡೆಯ ಮೇಲೆ ಅರ್ಧಗೋಲಾಕಾರದ ಒಂದು ದೊಡ್ಡ ಕಲ್ಲು. ಬಡಿದರೆ ಒಂದು ಕಿಲೋಮೀಟರಿನವರೆಗೆ ಕೇಳುತ್ತದೆ ಎನ್ನುತ್ತಾರೆ. ಅಪಾಯ ಬಂದಾಗ ಊರಿಗೆ ಸುದ್ದಿ ಮುಟ್ಟಿಸಲು ಅಂತ ಕೆಲವರು, ಸತ್ತವರ ಕ್ರಿಯೆಗೆ ಅಂತ ಕೆಲವರು. ಮೈದುನನಿಗೆ ಬಾರಿಸಿ ನೋಡಬೇಕೆಂಬ ಆಸೆ. ಕಾಕಾ ಬೇಡವೆಂದರು. “ಹಗಲಿ ಮಲಗಿರ್ತಾವ ತಮ್ಮಾ. ಸುಮ್ಮ ಯಾಕ ಎಬ್ಬಸ್ತಿ?” ಬಳ್ಳಾರಿ ಹತ್ತಿರ ಕಪ್ಪಗಲ್ಲಿನ ಗುಡ್ಡದಲ್ಲೂ ಬಡಿದರೆ ನಾದ ಬರುವ ಬಂಡೆಗಳಿವೆ, ಅಲ್ಲಿ ನಾನು ಬೇಕಾದಷ್ಟು ಬಾರಿಸಿದ್ದೆ. ಅಲ್ಲಿ ಯಾರಾದರೂ ಮಲಗಿರಬಹುದು ಎಂದು ನನಗೆ ತೋಚಿರಲೇ ಇಲ್ಲ.

ಮೂರೂವರೆಗೆಲ್ಲ ಅವರು ಇಳಿಯಲು ಅವಸರ ಮಾಡತೊಡಗಿದರು. ಮೈದುನನಿಗೆ ಕಲ್ಲುಮನೆಗಳ ಹಿಂದೆ ಸೂರ್ಯ ಮುಳುಗುವ ಫೋಟೋ ಬೇಕಿತ್ತು. ಬೇಕಿದ್ದರೆ ಇನ್ನೂ ಇನ್ನೂರು ರೂಪಾಯಿ ಕೊಡುತ್ತೇನೆ ಅಂದ. ಕಾಕಾಗೆ ಅದು ಹಣದ ಮಾತೇ ಆಗಿರಲಿಲ್ಲ. “ನಾಕಕ್ಕ ಇಳದಬಿಡಬೇಕ. ಆಮ್ಯಾಲೆ ಅವುಗಳ ಪಾಳಿ.” ಕಾಲುವೆ ನೀರಿಗೆ ಹಚ್ಚುವ ಪಾಳಿ, ಊರ ಗುಡಿಯ ಪೂಜೆಗೆ ಹಚ್ಚುವ ಪಾಳಿ, ಅದೇ ಲೆಕ್ಕದಲ್ಲಿ ಹೇಳಿದರು. ತಮ್ಮ ಹೊತ್ತು ಮುಗಿಯಿತು, ಇನ್ನೊಬ್ಬರದ್ದು ಶುರುವಾಯಿತು, ಇದರಲ್ಲಿ ಚೌಕಾಸಿ ಏನಿದೆ?

2021ರಲ್ಲಿ ಹಿರೇಬೆಣಕಲ್ಲು ಯುನೆಸ್ಕೋ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿ ಸೇರಿತು. ಪಟ್ಟಿಯಲ್ಲಿರುವುದು ಸಾಂಸ್ಕೃತಿಕ ತಾಣವಾಗಿ. ನನಗೆ ಸಂತೋಷವೇ, ಹಾರೆ ಹಿಡಿದು ಬರುವವರಿಗೆ ಸ್ವಲ್ಪವಾದರೂ ಅಂಜಿಕೆ ಹುಟ್ಟಲಿ. ಮುಂದೆ ಪೂರ್ತಿ ಪಟ್ಟಿಗೆ ಕಡತ ತಯಾರಾಗುವಾಗ ನಕ್ಷೆ ಬರೆಯುತ್ತಾರೆ, ಮೆಟ್ಟಿಲು, ಕುಡಿಯುವ ನೀರು, ಶೌಚಾಲಯ, ದೀಪ, ಪಾರ್ಕಿಂಗ್ ಎಲ್ಲ ಅದರಲ್ಲಿ ಬರುತ್ತವೆ. ಹಂಪಿಯಲ್ಲಿ ಬಂದ ಹಾಗೆ ಧ್ವನಿ-ಬೆಳಕಿನ ಮಾತೂ ಬರಬಹುದು. ಬರೆಯುವವರು ಪ್ರತಿ ಚಪ್ಪಡಿಗೂ ಒಂದು ಚುಕ್ಕಿ ಇಡುತ್ತಾರೆ, ಇಡಲಿ. ಆ ನಕ್ಷೆಯಲ್ಲಿ ಕೆರೆಗೆ ಬರುವ ದಾರಿಗಳನ್ನೂ ಎಳೆಯಲಿ. ಕುರಿಯ ದಾರಿ ಯಾವುದು, ಕರಡಿಯ ದಾರಿ ಯಾವುದು, ಎಲ್ಲಿ ಎರಡೂ ಕೂಡುತ್ತವೆ ಎಂದು ಊರಿನವರನ್ನು ಕೇಳಿದರೆ ಒಂದೇ ಮಧ್ಯಾಹ್ನದಲ್ಲಿ ಬರೆದುಕೊಡುತ್ತಾರೆ. ದೀಪ ಹಾಕುವುದೇ ಆದರೆ ಕೆಳಗೆ ಊರಿನಲ್ಲಿ ಹಾಕಲಿ. ಮತ್ತು ಬೋರ್ಡಿನಲ್ಲಿ ಭೇಟಿಯ ಸಮಯ ಬರೆಯುವಾಗ ಸೂರ್ಯೋದಯದಿಂದ ಸೂರ್ಯಾಸ್ತದವರೆಗೆ ಎಂದು ಅಚ್ಚಿನ ಸಾಲು ಹಾಕದೆ, ಸಂಜೆ ನಾಲ್ಕರವರೆಗೆ ಎಂದು ಬರೆಯಲಿ.